ಕೊಳಕ್ಕೆ ಬಿದ್ದ ಕಾರಿನ ಕೀ

ಪ್ರವಾಸಕ್ಕೆ ಹೊರಡುವ ಮುನ್ನ ವೇಳಾಪಟ್ಟಿ ಬರೆಯುವ ಚಟ ನನಗಿದೆ. ಸಿಯಾಟಲ್ ಪಕ್ಕದ ಬೆಲ್ವ್ಯೂನ ಆಫೀಸಿನಲ್ಲಿ ವಾರವಿಡೀ ಬೇರೆಯವರು ಹಾಕಿದ ಗಡುವಿನಲ್ಲಿ ಬದುಕುವ ನನಗೆ ಶನಿವಾರ, ಭಾನುವಾರ ಮಾತ್ರ ಗಡುವು ಹಾಕುವ ಭಾಗ್ಯ. ಅದನ್ನು ಪಾಲಿಸುವ ಕರ್ಮ ಹೆಂಡತಿ ಸುಧಾಳದು. ಮೈಸೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದವಳು ಮದುವೆಯಾಗಿ ನನ್ನ ವೀಸಾದ ಬಾಲ ಹಿಡಿದು ಬಂದಿದ್ದಳು. ಆ ವೀಸಾದಲ್ಲಿ ಅವಳು ಕೆಲಸಕ್ಕೆ ಸೇರುವಂತಿರಲಿಲ್ಲ. ಒಂದು ವರ್ಷದಲ್ಲಿ ಅವಳ ಮಾತು ಕಡಿಮೆಯಾಗುತ್ತ ಬಂದು "ಊಟ ರೆಡಿ", "ಹಾಲು ಮುಗೀತು" ಎನ್ನುವಲ್ಲಿಗೆ ನಿಂತಿತ್ತು. ಸಂಸಾರ ಸುಸೂತ್ರವಾಗಿ ನಡೆಯುತ್ತಿರುವುದರ ಲಕ್ಷಣವೇ ಇದು ಎಂದು ನಾನು ನಂಬಿದ್ದೆ.

ಅಂಥವಳು ಒಂದು ದಿನ ತಾನಾಗಿಯೇ, "ಪೋರ್ಟ್‌ಲ್ಯಾಂಡಲ್ಲಿ ಒಂದು ಚೀನೀ ತೋಟ ಇದೆಯಂತೆ, ಹೋಗೋಣ್ವಾ?" ಎಂದು ಕೇಳಿದಳು. ನಾನು ಉತ್ಸಾಹದಿಂದ ಕಾಗದ ತೆಗೆದುಕೊಂಡೆ. ಮೂರು ಗಂಟೆ ಡ್ರೈವ್, ತೋಟಕ್ಕೆ ನಲವತ್ತು ನಿಮಿಷ, ಆಮೇಲೆ ಜಲಪಾತ, ಅದಾದ ಮೇಲೆ ಇನ್ನೆರಡು ಜಾಗ. ಪಟ್ಟಿ ನೋಡಿದ ಸುಧಾ, "ನಲವತ್ತು ನಿಮಿಷಾನಾ?" ಎಂದಳು. ಮೆಚ್ಚುಗೆಯಿರಬೇಕು ಅಂದುಕೊಂಡೆ.

ತೋಟವಿದ್ದದ್ದು ಹಳೆಯ ಚೈನಾಟೌನಿನ ಮಧ್ಯೆ. ಸುತ್ತ ಇಟ್ಟಿಗೆಯ ಹಳೇ ಕಟ್ಟಡಗಳು, ಬಸ್ಸುಗಳ ಸದ್ದು. ಬಿಳಿ ಗೋಡೆಯ ಬಾಗಿಲು ದಾಟಿದರೆ ಕೊಳ, ತೂತುತೂತಾದ ದೊಡ್ಡ ಬಂಡೆಗಳು, ಸೂರಿನ ತುದಿ ಮೇಲಕ್ಕೆ ಬಾಗಿದ ಮಂಟಪಗಳು. ಸುಧಾ ಪ್ರತಿ ಗಿಡದ ಮುಂದೂ ನಿಂತಳು. ನಾನು ಪ್ರತಿ ಗಿಡದ ಮುಂದೂ ಗಡಿಯಾರ ನೋಡಿದೆ. ಕೊಳದ ಅಂಕುಡೊಂಕು ಸೇತುವೆಯ ಮೇಲೆ ನಿಂತು, ಎಷ್ಟು ತಡವಾಗಿದೆಯೆಂದು ಅವಳಿಗೆ ಲಿಖಿತವಾಗಿ ತೋರಿಸಲು ಜೇಬಿನಿಂದ ಪಟ್ಟಿಯನ್ನು ಎಳೆದೆ. ಅದರ ಜೊತೆ ಕಾರಿನ ಕೀ ಕೂಡ ಬಂದು ಬುಳುಕ್ಕೆಂದು ನೀರಿಗೆ ಬಿತ್ತು. ಇನ್ನೊಂದು ಕೀ ಬೆಲ್ವ್ಯೂನ ಮನೆಯಲ್ಲಿತ್ತು.

ಎಲೆ ತೆಗೆಯುವ ಉದ್ದನೆಯ ಬಲೆ ಹಿಡಿದು ತೋಟದಾಕೆ ಬಂದರು. ಅರವತ್ತರ ಆಸುಪಾಸಿನ ಚೀನೀ ಹೆಂಗಸು, ಹುಟ್ಟಿದ್ದು ಅದೇ ಬೀದಿಯಲ್ಲಂತೆ. "ತೋಟ ಆಗೋ ಮುಂಚೆ ಇಲ್ಲಿ ಕಾರ್ ನಿಲ್ಲಿಸ್ತಿದ್ರು. ನಿಮ್ಮ ಕೀಗೆ ಆ ವಿಷಯ ಗೊತ್ತಿರಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿ, ನಗದೆ ಬಲೆಯನ್ನು ನೀರಿಗಿಳಿಸಿದರು. ನಾನು ಕ್ಷಮೆ ಕೇಳುತ್ತ, ಕೀ ಬಿದ್ದ ಜಾಗವೆಂದು ಮೂರು ಬೇರೆ ಬೇರೆ ಜಾಗ ತೋರಿಸಿದೆ. "ಒಂದ್ ನಿಮಿಷ ಸುಮ್ನಿರಿ, ಅವರು ನೋಡ್ತಾರೆ" ಎಂದ ಸುಧಾ, ದಡದ ಗಿಡವೊಂದರ ಎಲೆ ಸವರುತ್ತ ತನ್ನಷ್ಟಕ್ಕೆ "ಮೈಕೇಲಿಯಾ" ಎಂದಳು.

ತೋಟದಾಕೆ ತಟ್ಟನೆ ತಿರುಗಿ ಅದೇ ಹೆಸರನ್ನು ತಮ್ಮ ಉಚ್ಚಾರದಲ್ಲಿ ಹೇಳಿದರು.

"ನಮ್ಮ ಸಂಪಿಗೆ ಜಾತಿ ಕಣ್ರೀ ಇದು" ಎಂದು ನನ್ನತ್ತ ತಿರುಗಿದ ಸುಧಾಳ ಮುಖದಲ್ಲಿ ನಾನು ತಿಂಗಳುಗಳಿಂದ ಕಾಣದ ಕಳೆಯಿತ್ತು. ಆಮೇಲೆ ಅವರಿಬ್ಬರಿಗೂ ನಾನಾಗಲೀ ಕೀ ಆಗಲೀ ನೆನಪಿರಲಿಲ್ಲ. ಒಬ್ಬರು ಗಿಡ ತೋರಿಸುವುದು, ಇನ್ನೊಬ್ಬರು ಲ್ಯಾಟಿನ್ ಹೆಸರು ಹೇಳುವುದು, ಇಬ್ಬರೂ ನಗುವುದು. ಬಲೆ ನನ್ನ ಕೈಗೆ ಬಂತು. ಒಂದೂವರೆ ಗಂಟೆ ಕೊಳ ಕೆದಕಿದೆ. ಹಿಂದೆ ಸುಧಾ ಮಾತನಾಡುತ್ತಲೇ ಇದ್ದಳು. ಎಷ್ಟೊಂದು ಮಾತು ಅವಳೊಳಗೇ ಉಳಿದಿತ್ತೆಂದು ನನಗೆ ಹೊಳೆದದ್ದು ಅಲ್ಲಿ, ತೋಳಿನವರೆಗೆ ಒದ್ದೆಯಾಗಿ ನಿಂತಾಗ. ನಾಚಿಕೆಯಾಯಿತು. ಕೀ ಬಲೆಗೆ ಬಿದ್ದ ಮೇಲೂ ಕೂಡಲೇ ಹೇಳಲಿಲ್ಲ. ಇನ್ನೊಂದು ಹತ್ತು ನಿಮಿಷ ಸುಮ್ಮನೆ ನೀರು ಕಲಕಿದೆ.

ಹೊರಡುವಾಗ ಆಕೆ ಸುಧಾಳಿಗೆ ಒಂದು ಚೀಟಿ ಕೊಟ್ಟರು. "ಸಿಯಾಟಲ್‌ನಲ್ಲಿ ಯೂನಿವರ್ಸಿಟಿ ಹತ್ತಿರ ಗಿಡಗಳ ಕೆಲಸಕ್ಕೆ ಸ್ವಯಂಸೇವಕರು ಬೇಕು. ಸಂಬಳ ಇಲ್ಲ, ಬೇಕಾದಷ್ಟು ಮಣ್ಣಿದೆ. ನನ್ನ ಹೆಸರು ಹೇಳು." ನಾನು ಆಕೆಗೆ ಕೈ ಮುಗಿದೆ. ಕೀ ಸಿಕ್ಕಿದ್ದಕ್ಕೆ ಎಂದು ತಿಳಿದು ಆಕೆ, "ಇರಲಿ ಬಿಡಿ" ಎಂದರು.

ಮುಂದಿನ ವಾರದಿಂದ ಸುಧಾ ಎರಡು ಬಸ್ಸು ಬದಲಾಯಿಸಿ ಆ ಗಿಡಗಳ ಕೆಲಸಕ್ಕೆ ಹೋಗತೊಡಗಿದಳು. ಸಂಜೆ ಉಗುರಿನಲ್ಲಿ ಮಣ್ಣು, ಬಾಯಿತುಂಬ ಸುದ್ದಿ. ಮನೆಗೆ ಬಂದ ಸ್ನೇಹಿತರು ಇದೆಲ್ಲ ಹೇಗೆ ಶುರುವಾಯಿತೆಂದು ಕೇಳಿದರೆ, ಇವಳಿಗೆ ಬೇಜಾರಾಗಿರುವುದನ್ನು ಗಮನಿಸಿ ನಾನೇ ತೋಟಕ್ಕೆ ಕರೆದೊಯ್ದೆ ಎಂದು ಹೇಳುತ್ತೇನೆ. ಸುಧಾ ಕಾಫಿ ಕೊಡುತ್ತ, "ಹೌದು, ಇವರೇ ಕರ್ಕೊಂಡ್ ಹೋದ್ರು" ಎನ್ನುತ್ತಾಳೆ. ಅಷ್ಟಕ್ಕೇ ನಿಲ್ಲಿಸುತ್ತಾಳೆ. ಉಳಿದದ್ದನ್ನು ಹೇಳುವ ಧೈರ್ಯ ಬರಲು ನನಗೆ ಇಷ್ಟು ವರ್ಷ ಬೇಕಾಯಿತು; ಅದೂ ಅವಳು ಊರಿನಲ್ಲಿಲ್ಲದ ದಿನ ನೋಡಿಕೊಂಡು ಬರೆಯುತ್ತಿದ್ದೇನೆ.