ಬೆಳ್ಳಿ ಲೋಟದ ಕಾಫಿ

ವಿನೋಬನಗರದ ನರಸಿಂಹಮೂರ್ತಿಗಳು ಸುಮ್ಮನೆ ಗುಮಾಸ್ತಗಿರಿ ಮಾಡಿಕೊಂಡಿದ್ದರೆ ಆಗುತ್ತಿತ್ತು. ಒಂದು ಅರ್ಜಿ ಬರೆದುಬಿಟ್ಟರು. ಕಚೇರಿಗಳಲ್ಲಿ ತಿಂಗಳಿಗೊಮ್ಮೆ ನಡೆಯುವ ಸಮಾನತೆಯ ತರಬೇತಿಯನ್ನು ಸರ್ಕಾರ ನಿಷೇಧಿಸಬೇಕು, ಯಾಕೆಂದರೆ ಭೇದಭಾವ ನಮ್ಮಲ್ಲಿ ಎಂದೋ ಸತ್ತುಹೋಗಿದೆ ಅಂತ ಮೂರು ಪುಟ.

ಅದು ತರಬೇತಿ ಕೊಡುವ ಕವನಳ ಕೈಗೇ ಸಿಕ್ಕಿತು. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದುಹೋಗುವ, ಗುತ್ತಿಗೆ ಕೆಲಸದ ಹುಡುಗಿ. ಯಾವ ಕೇರಿಯವಳೆಂದು ಕಚೇರಿಗೆಲ್ಲ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ.

"ನಾಳೆ ಬೆಳಿಗ್ಗೆ ನಿಮ್ಮನೇಲಿ ಒಂದು ಲೋಟ ಕಾಫಿ ಕೊಡಿ ಸಾರ್. ನೀವು ಬರೆದಂಗೇ ಇದ್ರೆ ಮೊದಲನೇ ಸೈನ್ ನಂದೇ," ಎಂದಳು, ಎಲ್ಲರೆದುರಿಗೆ ಅರ್ಜಿ ವಾಪಸ್ಸು ಕೊಡುತ್ತ.

ಬೆಳಗಾದರೆ ಅಡುಗೆಮನೆಯಲ್ಲಿ ಲೋಟದ ಪಂಚಾಯಿತಿ. ಆ ಮನೆಗೆ 'ಬೇರೆಯವರು' ಬಂದರೆ ಪೇಪರ್ ಲೋಟ. ಕುಡಿದು ಎಸೆದರಾಯಿತು.

"ಇವತ್ತು ಪೇಪರ್ ಲೋಟ ಕಣ್ಣಿಗೆ ಬೀಳಬಾರ್ದು ಸರಸ್ವತಿ," ಎಂದರು ಹೆಂಡತಿಗೆ.

ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆ ಜಲಜಮ್ಮ ಅಲ್ಲೇ ಬೇರುಬಿಟ್ಟರು. "ಪಿಂಗಾಣಿ ಕೊಟ್ರೆ ಅವಳಿಗೆ ಅನುಮಾನ ಬರುತ್ತೆ. ಸ್ಟೀಲ್ ಕೊಟ್ರೆ ನಿಂಗೆ ಸಮಾಧಾನ ಇರಲ್ಲ. ಬೆಳ್ಳಿ ಕೊಡು ಮಾರಾಯ್ತಿ, ಬೆಳ್ಳಿಗೆ ಮೈಲಿಗೆ ಇಲ್ಲ."

"ಅದ್ರಲ್ಲಿ ನಮ್ಮತ್ತೆಯವ್ರೂ ಕುಡಿದಿಲ್ಲ ಜಲಜಮ್ಮ."

"ನಿಮ್ಮತ್ತೆ ಅರ್ಜಿ ಬರೆದಿದ್ರಾ?"

ಕವನ ಬಂದಳು. ಬೀಗರನ್ನು ಕೂರಿಸಿದ ಹಾಗೆ ಸೋಫಾದ ನಡುಮಧ್ಯೆ ಕೂರಿಸಿದರು. ಸರಸ್ವತಿ ತಟ್ಟೆ ಹಿಡಿದು ಬಂದು ಬೆಳ್ಳಿ ಲೋಟವನ್ನು ಅವಳ ಮುಂದಿಟ್ಟರು. ಗಂಡನ ಮುಂದೆ ಇಟ್ಟದ್ದು ಪೇಪರ್ ಲೋಟ. ಹೊರಗಿನವರು ಬಂದರೆಂದ ಕೂಡಲೇ ರೂಢಿಯ ಕೈ ಎರಡನೇ ಲೋಟಕ್ಕೆ ಅದನ್ನೇ ತೆಗೆದಿತ್ತು.

ಬಾಗಿಲ ಸಂದಿಯಲ್ಲಿ ಜಲಜಮ್ಮ ಹಣೆ ಚಚ್ಚಿಕೊಂಡರು. ನರಸಿಂಹಮೂರ್ತಿ ಲೋಟ ಎತ್ತಿದರು, ತುಟಿಯವರೆಗೆ ಹೋಗಲಿಲ್ಲ. ತಮ್ಮ ಮನೆಯಲ್ಲಿ ತಮ್ಮ ಕುರ್ಚಿಯಲ್ಲೇ ಕೂತು ಯಾರದೋ ಜಗಲಿಯ ಕೆಳಗೆ ನಿಂತ ಹಾಗಾಯಿತು.

"ಕುಡೀರಿ ಸಾರ್, ರುಚಿಯೇನೂ ಬದಲಾಗಲ್ಲ. ನಂಗೆ ಅಭ್ಯಾಸ ಇದೆ, ಅದ್ಕೇ ಹೇಳ್ದೆ," ಎಂದಳು ಕವನ. ಕಾಫಿ ಮುಗಿಸಿ ಅರ್ಜಿ ಕೇಳಿ ಪಡೆದು ಸೈನ್ ಹಾಕಿದಳು. "ತರಬೇತಿ ನಿಂತ್ರೆ ನನ್ನ ಕೆಲಸಾನೂ ನಿಲ್ಲುತ್ತೆ. ಆದ್ರೂ ಮಾತು ಮಾತೇ. ಯಜಮಾನ್ರು ಪೇಪರ್ ಲೋಟ ಹಿಡಿದು ನಂಗೆ ಬೆಳ್ಳಿ ಕೊಟ್ಟ ಮನೆ ಇದೊಂದೇ."

ಹೊರಡುವ ಮುಂಚೆ ಹಿತ್ತಲಿಗೆ ಹೋಗಿ ಬೆಳ್ಳಿ ಲೋಟವನ್ನು ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿದಳು. ತೊಳಿ ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ.

ಹನ್ನೊಂದಕ್ಕೆ ಕಚೇರಿಯಲ್ಲಿ ತರಬೇತಿ. "ನರಸಿಂಹಮೂರ್ತಿ ಸಾರ್, ಸ್ವಲ್ಪ ಎದ್ದು ನಿಲ್ಲಿ. ಸಮಾನತೆ ಕಲಿಯೋರು ಇವರ ಮನೆ ನೋಡಿ ಕಲೀಬೇಕು," ಎಂದಳು ಕವನ. ಚಪ್ಪಾಳೆ ಬಿತ್ತು. ಒಂದೊಂದು ಚಪ್ಪಾಳೆಯೂ ಕೆನ್ನೆಗೇ ಬಿದ್ದಂತಿತ್ತು.

"ಸೈನ್ ಆಗಿದ್ಯಂತಲ್ಲ ಸಾರ್, ಅರ್ಜಿ ಕೊಡಿ. ಈಗ್ಲೇ ಬೆಂಗಳೂರಿಗೆ ಕಳಿಸ್ತೀನಿ," ಎಂದ ಟಪಾಲು ನೋಡುವ ಗಣೇಶ್.

ಅರ್ಜಿ ಜೇಬಿನಲ್ಲೇ ಇತ್ತು. ಕೈ ಏಳಲಿಲ್ಲ. "ಮನೇಲಿ ಮರೆತು ಬಂದೆ ಮಾರಾಯ."

"ಅದಕ್ಕೇನು ಸಾರ್," ಎಂದಳು ಕವನ. "ಸಂಜೆ ಎಲ್ರೂ ನಿಮ್ಮನೆಗೇ ಬರ್ತೀವಿ. ಹದಿನೆಂಟೇ ಜನ. ಅರ್ಜಿ ತಗೊಂಡಂಗೂ ಆಯ್ತು, ಕಾಫಿ ಕುಡಿದಂಗೂ ಆಯ್ತು."

ಮತ್ತೆ ಚಪ್ಪಾಳೆ. ನರಸಿಂಹಮೂರ್ತಿ ಜೇಬು ಅವುಚಿಕೊಂಡು ನಿಂತೇ ಇದ್ದರು. ಕೂತರೆ ಒಳಗಿನ ಕಾಗದ ಸರಬರ ಎಂದೀತೆಂಬ ಭಯ.