ಟವಲ್ಲಿನ ಕೆಳಗಿನ ನಂಬರು

ಹೆಸರು ಕೂಗಿದಾಗ ‘ಇದ್ದೀನಿ ಸಾರ್’ ಅನ್ನುವುದಕ್ಕೆ ತನ್ನ ಬಾಯಿ ಬರುತ್ತದೋ ಇಲ್ಲವೋ ಎಂಬುದೊಂದೇ ಧನುಶ್ರೀಗೆ ಆ ಬೆಳಿಗ್ಗೆ ಇದ್ದ ಚಿಂತೆ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಅವಳ ಬದಲು ಪಕ್ಕದಲ್ಲಿ ಕೂರುವವಳೇ ‘ಪ್ರೆಸೆಂಟ್’ ಅಂದುಬಿಡುತ್ತಿದ್ದಳು. ಆ ಲೆಕ್ಕದಲ್ಲಿ ಧನುಶ್ರೀ ಬಿ.ಎಸ್ಸಿ. ಮುಗಿಸಿದ್ದು ಪಕ್ಕದವಳ ಗಂಟಲಿನ ಪುಣ್ಯದಿಂದ. ಇವತ್ತು ಆ ಗಂಟಲು ಜೊತೆಗಿಲ್ಲ. ರಾಮನಗರದ ಕಚೇರಿಯಲ್ಲಿ ಮಧ್ಯಾಹ್ನ ಮೂರಕ್ಕೆ ಮೂಲ ಅಂಕಪಟ್ಟಿಗಳನ್ನು ತೋರಿಸಿದರೆ ಸರ್ಕಾರಿ ಕೆಲಸ ಅವಳದು. ತೋರಿಸದಿದ್ದರೆ ಅವಳ ಹಿಂದೆ ಕಾಯುತ್ತಿರುವ ಇನ್ಯಾರದೋ.

ಗಂಟಲಿನ ಬಗ್ಗೆ ಅಷ್ಟೊಂದು ಯೋಚಿಸಿದವಳು ಕೈ ಏನು ಮಾಡುತ್ತಿದೆ ಎಂದು ನೋಡಲಿಲ್ಲ. ಅಂಕಪಟ್ಟಿಗಳ ಫೈಲನ್ನು ಕಾರಿನ ಸೀಟಿನ ಮೇಲಿಟ್ಟಳು, ಕೀಯನ್ನು ಫೈಲಿನ ಮೇಲಿಟ್ಟಳು, ಬುತ್ತಿ ತರಲು ಮನೆಯೊಳಗೆ ಹೋದಳು. ಗಾಳಿ ಬೀಸಿ ಬಾಗಿಲು ಮುಚ್ಚಿಕೊಂಡಿತು. ಕಾರು ನಾಲಿಗೆ ಕಚ್ಚಿಕೊಂಡಂತೆ ‘ಟಕ್’ ಅಂದಿತು.

ಸಾತನೂರಿನಲ್ಲಿ ಅಂಥ ಕಾರು ಇನ್ನೊಂದಿರಲಿಲ್ಲ. ಅವಳ ಅಪ್ಪ, ಎತ್ತಿನ ವ್ಯಾಪಾರದ ದಳ್ಳಾಳಿ ಕೆಂಪರಾಜು, ಕೈ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ, ಹೊರದೇಶದಿಂದ ಬಂದಿದ್ದ ಆ ಹಳೇ ಕಾರನ್ನು ಬೆಂಗಳೂರಿನವರಿಂದ ಕೊಂಡಿದ್ದ. ಡ್ರೈವರ್ ಬಾಗಿಲ ಮೇಲೆ ಐದು ಬಟನ್ನು, ಒಂದೊಂದು ಬಟನ್ನಿಗೆ ಎರಡೆರಡು ಅಂಕಿ. ಐದು ಅಂಕಿಯ ನಂಬರು ಒತ್ತಿದರೆ ಕೀ ಇಲ್ಲದೆಯೂ ಬಾಗಿಲು ತೆರೆಯುತ್ತಿತ್ತು. ಎರಡನೇ ಕೀ ಮೊದಲಿಂದಲೂ ಇರಲಿಲ್ಲ. ನಂಬರು ಗೊತ್ತಿದ್ದದ್ದು ಕೆಂಪರಾಜು ಒಬ್ಬನಿಗೆ. ಅವನಿಗೋ ಲಕ್ವ ಹೊಡೆದು ಬಲಗಡೆಯೆಲ್ಲ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಜಗಲಿಯ ಮಂಚದ ಮೇಲೆ ಮಲಗಿ, ಎದುರಿಗೆ ನಿಂತ ಕಾರನ್ನು ನೋಡುವುದೇ ಅವನ ದಿನಚರಿ.

ಧನುಶ್ರೀ ಮಂಚದ ಪಕ್ಕ ಕೂತಳು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದರಿಂದ ಸೊನ್ನೆಯವರೆಗೆ ದೊಡ್ಡದಾಗಿ ಬರೆದು, ಒಂದೊಂದರ ಮೇಲೂ ಬೆರಳಿಟ್ಟು ತೋರಿಸಿದಳು. ಕೆಂಪರಾಜು ಕಣ್ಣು ಮುಚ್ಚಿಕೊಂಡ.

“ಬೆರಳಲ್ಲಾದ್ರೂ ತೋರ್ಸಿ ಅಂದ್ರೆ” ಎಂದು ಅವಳ ಅವ್ವ ಅಂಬುಜಮ್ಮ ಬೇಡಿಕೊಂಡಳು. ಅವನು ಸರಿಯಿದ್ದ ಎಡಗೈಯನ್ನೂ ಕಂಬಳಿಯೊಳಕ್ಕೆ ಎಳೆದುಕೊಂಡ.

ಅಷ್ಟರಲ್ಲಿ ಎದುರು ಮನೆ ಯಲ್ಲಮ್ಮ ಬಂದಳು. ಬೇರೆಯವರ ಮನೆಯ ಬಾಗಿಲು ಮುಚ್ಚಿದ್ದರೆ ಅವಳಿಗೆ ಉಸಿರು ಕಟ್ಟುತ್ತಿತ್ತು.

“ಹುಟ್ಟಿದ ತಾರೀಕು ಒತ್ತಿ ನೋಡಮ್ಮಿ.”

“ಅವ್ರಿಗೆ ತಾರೀಕೇ ಗೊತ್ತಿಲ್ಲ. ಜಡಿ ಮಳೆ ಹಿಡಿದಿತ್ತಂತೆ, ಅಷ್ಟೇಯ” ಅಂದಳು ಅಂಬುಜಮ್ಮ.

“ಮಳೆಗೆ ಎಂಥ ನಂಬರ್ ಒತ್ತಾನ? ಓಗ್ಲಿ, ಮದ್ವೆ ತಾರೀಕು?”

“ಮದ್ವೆ ತಾರೀಕು ನೆಪ್ಪಿಟ್ಕಳೋ ಗಂಡ್ಸಾ ಅದು? ಗಂಗೆ ಅನ್ನೋ ಹಸ ಕರ ಹಾಕಿದ ದಿನ ಕೇಳು, ನಿದ್ದೇಲೂ ಹೇಳೋರು.”

ಗಂಗೆಯ ದಿನವನ್ನೂ ಒತ್ತಿದ್ದಾಯಿತು. ತಪ್ಪು ನಂಬರುಗಳ ಕಾಟಕ್ಕೆ ಬಟನ್ನುಗಳು ಬೇಸತ್ತು, ಒಸಿ ಹೊತ್ತು ಏನನ್ನೂ ಕೇಳಿಸಿಕೊಳ್ಳದೆ ಸತ್ತಂತೆ ಕೂತವು. ಕನಕಪುರಕ್ಕೋ ಚನ್ನಪಟ್ಟಣಕ್ಕೋ ಹೊರಟ ಬಸ್ಸೊಂದು ಸರ್ಕಲ್ಲಿನಲ್ಲಿ ಹಾರನ್ ಹೊಡೆಯಿತು. ಬಸ್ಸಿಗೇನು ಕಡಿಮೆ ಇರಲಿಲ್ಲ. ಫೈಲಿಲ್ಲದೆ ಬಸ್ಸು ಹತ್ತಿ ಏನು ತೋರಿಸುವುದು, ಬುತ್ತಿಯನ್ನೇ?

ಸರ್ಕಲ್ಲಿನಲ್ಲಿ ಕಾರಿನ ರಿಪೇರಿ ಅಂಗಡಿ ಇಟ್ಟಿದ್ದ ಓವೈಸನನ್ನು ಕರೆಸಿದರು. ಅವನು ಕಾರಿನ ಸುತ್ತ ಬಂದು, ಗಾಜಿಗೆ ಹಣೆ ಹಚ್ಚಿ ಒಳಗೆ ನೋಡಿದ.

“ನಿಮ್ ನಂಬರು ಮರ್ತೋದ್ರೂ ಪರವಾಗಿಲ್ಲ ಮೇಡಂ. ಕಂಪನಿ ನಂಬರು ಅಂತ ಒಂದು ಇರ್ತದೆ. ಅದನ್ನ ಒತ್ತಿ, ತಕ್ಷಣ ಒಂದು-ಎರಡರ ಬಟನ್ ಒತ್ತಿ, ಆಮೇಲೆ ಹೊಸ ನಂಬರು ಒತ್ತಿದ್ರೆ ಮುಗೀತು, ಅದೇ ನಿಮ್ ನಂಬರು.”

“ಕಂಪನಿ ನಂಬರು ಎಲ್ಲಿರುತ್ತೆ?” ಧನುಶ್ರೀಯ ದನಿ ಅವಳ ಹಲ್ಲು ದಾಟಿ ಬರಲಿಲ್ಲ. ಅಂಬುಜಮ್ಮ ಅದನ್ನೇ ಜೋರಾಗಿ ಕೇಳಿದಳು.

“ಒಂದು ಚಿಕ್ಕ ಕಾರ್ಡಲ್ಲಿ.”

“ಕಾರ್ಡು?”

“ಮುಂದಿನ ಬಾಕ್ಸಲ್ಲಿ.”

“ಬಾಕ್ಸು?”

“ಕಾರೊಳಗೆ.” ಓವೈಸ್ ತಲೆ ಕೆರೆದುಕೊಂಡ. “ಡಿಕ್ಕಿ ಒಳಗೂ ಒಂದು ಸ್ಟಿಕ್ಕರ್ ಐತೆ. ಡಿಕ್ಕಿ ತೆಗೀಬೇಕು ಅಂದ್ರೆ ಮಾತ್ರ ಕೀ ಬೇಕು.”

ತಂತಿ ತೂರಿಸಿದ. ಕಾರು ಹಂದಿ ಕುಯ್ಯುವಾಗಿನಂತೆ ಕಿರುಚಿಕೊಂಡಿತು, ಬಾಗಿಲು ಅಲ್ಲಾಡಲಿಲ್ಲ.

ಆ ಕಿರುಚಾಟಕ್ಕೇ ಬೈರಪ್ಪ ಓಡಿಬಂದದ್ದು. ಬೈರಪ್ಪನೂ ಎತ್ತಿನ ದಳ್ಳಾಳಿಯೇ. ಮೂವತ್ತು ವರ್ಷ ಕೆಂಪರಾಜುವಿನ ಗಿರಾಕಿಗಳನ್ನು ಕೀಳಲು ನೋಡಿದವನು, ಅವನಿಗೆ ಲಕ್ವ ಹೊಡೆದ ಮೇಲೆ ದಿನಾ ಬಂದು ಮಂಚದ ಪಕ್ಕ ಕೂರುತ್ತಿದ್ದ. ಮನೆಯವರು ಅದನ್ನು ಪ್ರೀತಿ ಎಂದುಕೊಂಡಿದ್ದರು. ಕೂತಾಗೆಲ್ಲ ಅವನ ಕಣ್ಣಿರುತ್ತಿದ್ದದ್ದು ಕಾರಿನ ಮೇಲೆ.

“ಇಷ್ಟಕ್ಕೇಯಾ? ಒಂದು ಗಾಜು ತಾನೆ ಅಕ್ಕ. ಒಡೆದು ಬಿಸಾಕಿ” ಎಂದು ಬೈರಪ್ಪ ಒರಳಿನ ಪಕ್ಕದ ಗುಂಡುಕಲ್ಲನ್ನೇ ಎತ್ತಿದ.

ಮಂಚದಿಂದ ‘ಆಂ’ ಎಂಬ ಶಬ್ದ ಬಂತು. ಕಟುಕನನ್ನು ಕಂಡ ಎತ್ತು ಹೊರಡಿಸುವಂಥ ಶಬ್ದ. ಕಂಬಳಿಯಿಂದ ಎಡಗೈ ಹೊರಬಂದು ಗಾಳಿಯಲ್ಲಿ ನಿಂತಿತ್ತು. ಮೈ ಅರ್ಧ ಸತ್ತಿದ್ದರೂ ಆ ಕೈಯನ್ನು ಮೀರುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬೈರಪ್ಪ ಕಲ್ಲು ಇಳಿಸಿದ. ಓವೈಸನೂ ಹಿಂದೆ ಸರಿದ. “ಓನರ್ ಬ್ಯಾಡ ಅಂದ ಮೇಲೆ ನಾನು ಕೈ ಹಚ್ಚಕಿಲ್ಲಪ್ಪ. ನಂಬರು ಹಾಕಿಸ್ಕಂಡ ದಿನಾನೇ ಇವರ ಗುಟ್ಟು ನೋಡಿವ್ನಿ. ನನ್ನ ಆ ಕಡೆ ತಿರುಗ್ಸಿ, ಬಟನ್ ಮೇಲೆ ಟವಲ್ ಹಾಕ್ಕಂಡು, ಕೆಳಗಿಂದ ಒತ್ತುದ್ರು.”

ಬೈರಪ್ಪ ತಟ್ಟನೆ ನಿಂತ.

“ಟವಲ್ಲು. ಅಯ್ಯೋ ಬಡ್ಡೆತ್ತದೆ, ಟವಲ್ಲು ಕಣಕ್ಕ. ಎತ್ತಿನ ವ್ಯಾಪಾರ್ದೋನು ಬಯಲಲ್ಲಿ ಬೆರಳು ತೋರ್ಸಿ ನಂಬರ್ ಹೇಳ್ತಾನಾ? ನೀವು ಜಲ್ಮದಲ್ಲಿ ಕೇಳುದ್ರೂ ಹೇಳಕಿಲ್ಲ.”

ಹೆಗಲ ಟವಲನ್ನು ಕೊಡವಿ, ಮಂಚದಂಚಿಗೆ ಕೂತು, ಕೆಂಪರಾಜುವಿನ ಎಡಗೈ ಮೇಲೆ ಹೊದಿಸಿ, ತನ್ನ ಕೈ ಒಳಗೆ ತೂರಿಸಿದ. ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಬೆಲೆ ಹೇಳುವ ಆ ಭಾಷೆ ಸುತ್ತ ನಿಂತವರಿಗೆ ಕಾಣದಿರಲಿ ಎಂದೇ ಟವಲ್ಲಿರುವುದು. ಟವಲ್ಲು ಅಲುಗಾಡಿತು. ಕಣ್ಣು ಮುಚ್ಚಿಕೊಂಡಿದ್ದ ಕೆಂಪರಾಜು ಕಣ್ಣು ಬಿಟ್ಟ.

“ಹೇಳ್ತಾವ್ರೆ, ಹೇಳ್ತಾವ್ರೆ. ಒತ್ತು ಮಗ. ಏಳೂವರೆ.”

ಧನುಶ್ರೀ ಬಟನ್ನಿನ ಮೇಲಿಟ್ಟ ಬೆರಳನ್ನು ಹಿಂದೆಗೆದಳು. ಯಲ್ಲಮ್ಮ ಕೇಳಿದಳು: “ಏಳೂವರೆ ಬಟನ್ನು ಎಲ್ಲೈತೆ?”

“ಅವ್ರು ಎಂಟು ಅಂದ್ರು. ಕೈ ಅಭ್ಯಾಸ ನೋಡಿ, ನಾನು ಏಳು ಅಂದ್ಬುಟ್ಟೆ. ಇಬ್ರೂ ಏಳೂವರೆಗೆ ಬಂದೊ.”

“ಏಳೂ ಎಂಟೂ ಒಂದೇ ಬಟನ್ನು. ಏಳೂವರೇನೂ ಅದೇಯ, ಒತ್ತಿ ಮೇಡಂ” ಅಂದ ಓವೈಸ್, ಧೈರ್ಯ ತುಂಬುವವನಂತೆ.

ಒತ್ತಿದಳು. ಬೈರಪ್ಪ ಹೇಳಿದ ಉಳಿದ ನಾಲ್ಕನ್ನೂ ಒತ್ತಿದಳು. ಕಾರು ಬಾಯಿ ಬಿಡಲಿಲ್ಲ.

“ಬಾಗ್ಲು ತೆಗ್ಯೋ ನಂಬರಿಗೂ ಚೌಕಾಸಿ ಮಾಡ್ತೀಯಲ್ಲೋ ಬೈರ” ಎಂದು ಅಂಬುಜಮ್ಮ ಹಣೆ ಹಣೆ ಬಡಿದುಕೊಂಡಳು. “ಮೂರು ಗಂಟೆಗೆ ಅಲ್ಲಿರ್ಬೇಕು ಕಣೋ. ಕೆಲ್ಸ ಯಾದಗಿರೀಲಾದ್ರೂ ಸೈ, ಹೋಗ್ಲಿ ಅಂತ ನಾನೇ ಒಪ್ಕಂಡಿವ್ನಿ. ರಾತ್ರಿ ಗಂಜಿ ಕುಡಿಸ್ತಾ ಇವ್ರಿಗೂ ಹೇಳ್ದೆ. ಮಗಳು ದುಡಿದ್ರೆ ನಿಮ್ಮ ಔಸ್ದಿಗಾಯ್ತದೆ ಅಂದೆ.”

“ಇನ್ನೊಂದ್ಸಲ ಕೇಳ್ತೀನಿ ತಡಿ ಅಕ್ಕ.”

ಈ ಸಲ ಟವಲ್ಲು ಬಹಳ ಹೊತ್ತು ಅಲುಗಾಡಿತು. ಬೈರಪ್ಪ ಹುಬ್ಬು ಗಂಟಿಕ್ಕಿದ, ತಲೆ ಆಡಿಸಿದ, ಕೈ ಕಿತ್ತುಕೊಂಡು ಎದ್ದುಹೋಗುವವನಂತೆ ಮಾಡಿ ಮತ್ತೆ ಕೂತ. ಕೆಂಪರಾಜುವಿನ ಸೊಟ್ಟ ಬಾಯಿಯ ಒಂದು ತುದಿ ಮೇಲೆದ್ದಿತು. ಕಾಯಿಲೆ ಬಿದ್ದ ಮೇಲೆ ಆ ಮುಖದ ಮೇಲೆ ಅಷ್ಟು ಬೆಳಕನ್ನು ಧನುಶ್ರೀ ನೋಡಿರಲಿಲ್ಲ. ಅವಳು ಬೆರಳನ್ನು ಬಟನ್ನುಗಳ ಮೇಲಿಟ್ಟು ಕಾದಳು. ಬಿಸಿಲು ಕಾರಿನ ಈ ಕಡೆಯಿಂದ ಆ ಕಡೆಗೆ ಹೋಯಿತು.

ಕೊನೆಗೆ ಬೈರಪ್ಪ ಟವಲ್ಲು ಎತ್ತಿ, ಮಡಿಸಿ, ಕಣ್ಣಿಗೊತ್ತಿಕೊಂಡ.

“ಆಯ್ತು” ಅಂದ.

“ನಂಬರಾ?”

“ವ್ಯಾಪಾರ.”

ಯಾರಿಗೂ ಅರ್ಥವಾಗಲಿಲ್ಲ. ಬೈರಪ್ಪ ಸಂಕೋಚ ಹತ್ತಿಕ್ಕಿಕೊಂಡು, ಸಂತೋಷ ಹತ್ತಿಕ್ಕಲಾಗದೆ ಹೇಳಿದ: “ನಾನು ನಂಬರು ಕೇಳ್ತಿದ್ರೆ ಭಾವ ಕಾರಿಗೆ ಬೆಲೆ ಹೇಳ್ತಾವ್ರೆ. ಮೊದ್ಲು ನಂಗೂ ಗೊತ್ತಾಗ್ನಿಲ್ಲ. ಎರಡನೇ ಸಲ ಗೊತ್ತಾಯ್ತು. ನಾನು ಬ್ಯಾಡ ಅಂತ ಕೈ ಎಳ್ಕಂಡ್ರೂ ಬುಡ್ನಿಲ್ಲ. ಅಗ್ಗಕ್ಕೇ ಕೊಟ್ಟವ್ರೆ. ಎಷ್ಟು ಅಂತ ಕೇಳ್ಬ್ಯಾಡಿ, ಟವಲ್ ಕೆಳಗಿನ ಮಾತು.”

“ಬುದ್ಧಿ ಕೆಟ್ಟೋಗದೆ ಇವ್ರಿಗೆ” ಎಂದು ಅಂಬುಜಮ್ಮ ಅಳಲು ಶುರುಮಾಡಿದಳು.

ಓವೈಸ್ ಒಬ್ಬನೇ ಅದರಲ್ಲೂ ಒಂದು ದಾರಿ ಕಂಡ. ಗುಂಡುಕಲ್ಲು ಎತ್ತಿಕೊಂಡು ಬಂದು ಬೈರಪ್ಪನ ಕೈಗೆ ಕೊಟ್ಟ. “ಅಂಗಾದ್ರೆ ಈಗ ನೀವೇ ಓನರ್ರು. ಬೆಳಗಿಂದ ಒಡೀರಿ ಒಡೀರಿ ಅಂತಿದ್ರಲ್ಲ, ಒಡೀರಿ ಮತ್ತೆ. ಈಗ ಒಡುದ್ರೂ ಬಿರುಸಾಗಿ ಹೋದ್ರೆ ಮೂರಕ್ಕೆ ಮುಟ್ಬೋದು.”

ಬೈರಪ್ಪ ಕಲ್ಲನ್ನು ನೋಡಿದ. ಗಾಜನ್ನು ನೋಡಿದ. ಕಲ್ಲನ್ನು ಮೆಲ್ಲಗೆ, ಮಗುವನ್ನು ಮಲಗಿಸುವವನಂತೆ ನೆಲಕ್ಕಿಟ್ಟ.

“ಆಗಕಿಲ್ಲ ಕಣಪ್ಪ. ವ್ಯಾಪಾರದಲ್ಲಿ ಒಂದು ಕರಾರು ಐತೆ. ಬೆಲೆ ಮುಗಿದ ಮೇಲೆ ಭಾವ ನನ್ನ ಅಂಗೈ ಮೇಲೆ ಅಡ್ಡಗೆರೆ ಎಳುದ್ರು. ಸರಕು ಇವತ್ತು ಮುಟ್ಟಂಗಿಲ್ಲ, ನಾಳೆ ಬಂದು ಹೊಡ್ಕಂಡೋಗು ಅಂತ ಅದರರ್ಥ. ಟವಲ್ ಕೆಳಗೆ ಕೊಟ್ಟ ಮಾತು, ಬ್ರಹ್ಮ ಬಂದ್ರೂ ತಿರುಗಾಕಿಲ್ಲ.” ಆಮೇಲೆ ಅವನೇ ಗೊಂದಲಕ್ಕೆ ಬಿದ್ದ. “ಎತ್ತಾದ್ರೆ ಅಮಾಸೆ ಅಂತ ಒಂದಿನ ನಿಲ್ಲಿಸ್ಕತಾರೆ. ಕಾರನ್ನ ಯಾಕೆ ಇವತ್ತೊಂದಿನ ನಿಲ್ಲಿಸ್ಕಂಡ್ರೋ.”

ಅಂಬುಜಮ್ಮನ ಅಳು ಅಲ್ಲಿಗೇ ನಿಂತಿತು. ಅವಳು ಮಂಚದ ಕಡೆ ತಿರುಗಿ ಗಂಡನ ಮುಖ ನೋಡಿದಳು.

ಧನುಶ್ರೀ ಬಟನ್ನುಗಳನ್ನು ಬಿಟ್ಟು ಜಗಲಿ ಹತ್ತಿದಳು. ಬೈರಪ್ಪನ ಹೆಗಲಿಂದ ಟವಲನ್ನು ತಾನೇ ಎಳೆದುಕೊಂಡಳು. ಅಪ್ಪನ ಕೈ ಮೇಲೆ ಹೊದಿಸಿ, ತನ್ನ ಕೈಯನ್ನು ಒಳಗಿಟ್ಟಳು. ಸರ್ಕಲ್ಲಿನಿಂದ ಹೊರಟ ಬಸ್ಸಿನ ಸದ್ದು ಚನ್ನಪಟ್ಟಣದ ಕಡೆಗೆ ಸಣ್ಣದಾಗುತ್ತಾ ಹೋಯಿತು. ಟವಲ್ಲು ಒಂದು ಸಲ ಅಲುಗಿ ನಿಂತುಬಿಟ್ಟಿತು. ಕೆಂಪರಾಜು ಮಗಳ ಮುಖವನ್ನು ನೋಡಲಿಲ್ಲ, ಕಾರನ್ನೂ ನೋಡಲಿಲ್ಲ. ಅವನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

“ಏನಂತಾವ್ರೆ ಮಗ?” ಬೈರಪ್ಪ ಬಗ್ಗಿ ಕೇಳಿದ. “ಮೊದಲ್ನೇ ನಂಬರು ಎಷ್ಟು?”

ಬೀದಿಯಲ್ಲಿ ನಿಂತವರಿಗೂ ಕೇಳುವಂತೆ ಧನುಶ್ರೀ ಹೇಳಿದಳು:

“ನಂಬರ್ ಅಲ್ಲ ಮಾವ. ಅಪ್ಪ ನನ್ನ ಕೈ ಬಿಡ್ತಿಲ್ಲ.”