ಬೀಗರು ತಂದ ಸಮುದ್ರ

ನಮ್ಮ ಬೀಗರಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿಲ್ಲ. ಬಸ್ಸಿನ ಕಂಡಕ್ಟರು ಹೇಳಿದ, ದನದ ಡಾಕ್ಟರು ಹೇಳಿದರು, ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಹೇಳಿದ. ನಾನು ಹೇಳಿಲ್ಲ. ಹೆಣ್ಣು ಕೊಟ್ಟ ಮನೆಯವರ ಬಗ್ಗೆ ಹಾಗೆಲ್ಲ ಬಾಯಿ ಬಿಟ್ಟು ಹೇಳಬಾರದು ನೋಡ್ರಿ. ಬರೆಯಬಾರದು ಅಂತ ಮಾತ್ರ ಯಾರೂ ಹೇಳಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ!

ಬೀಗರು ಅಂದರೆ ನನ್ನ ಮಗಳ ಮಾವ. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಮೂವತ್ತು ವರ್ಷ ಬಾಯ್ಲರ್ ಮುಂದೆ ನಿಂತು ರಿಟೈರ್ ಆದವರು. ಬಂಗೂರನಗರದ ಆಚೆ ಸ್ವಂತದ್ದೊಂದು ಸಣ್ಣ ಮನೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಅವರು ಮಿಲ್ಲು ಬಿಟ್ಟರೂ ಮಿಲ್ಲು ಅವರನ್ನು ಬಿಟ್ಟಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಸಾಕು, ಎಲ್ಲಿದ್ದರೂ ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಎರಡನೇ ಸೀಟಿಗೆ ತಲೆ ಆಡಿಸುತ್ತಾರೆ. ಮೂರನೆಯದಕ್ಕೆ "ಪ್ರೆಶರ್ ಸಾಕು" ಎಂದು ತಾವೇ ಗ್ಯಾಸ್ ಆರಿಸುತ್ತಾರೆ. ಬೇಳೆ ಬೆಂದಿದೆಯೋ ಇಲ್ಲವೋ, ಅದು ಬೇಳೆಯ ಹಣೆಬರಹ!

ನಾನು ಹಳಿಯಾಳದವಳು. ಮೂರನೇ ಇಯತ್ತೆಗೆ ಸಾಲೆ ಬಿಟ್ಟೆ, ಆಮೇಲೆ ಖಾನಾವಳಿ ನಡೆಸಿದೆ. ನನಗೆ ಗೊತ್ತಿರುವುದು ರೊಟ್ಟಿ, ಪಲ್ಯ, ಸಾರು. ಸಮುದ್ರದ ಮೀನಿಗೂ ನನಗೂ ಇದ್ದ ಸಂಬಂಧ ಅಂದರೆ ಬುಧವಾರದ ಹುರಿದ ಬಂಗಡೆ, ಅಷ್ಟೇ. ಅಂಥವಳು ಒಂದು ಜೀವಂತ ಮೀನಿನ ಜಡ್ಡಿಗೆ ಔಷಧ ಕಂಡುಹಿಡಿದೆ ಎಂದರೆ ನೀವು ನಂಬುತ್ತೀರಾ? ನನ್ನ ಅಳಿಯ ಇನ್ನೂ ನಂಬಿಲ್ಲ.

ಆದದ್ದು ಹೀಗೆ. ಹೋದ ಬೇಸಿಗೆಯಲ್ಲಿ ಮಗಳಿಗೆ ಆರನೇ ತಿಂಗಳು. ಹಿಂದೊಮ್ಮೆ ಐದನೇ ತಿಂಗಳಿಗೇ ಹೋಗಿಬಿಟ್ಟಿತ್ತು. ಅದಕ್ಕೆ ಡಾಕ್ಟರಮ್ಮ ಈ ಸಲ ಕಟ್ಟುನಿಟ್ಟು ಮಾಡಿದರು. ಹಾಸಿಗೆ ಬಿಟ್ಟು ಏಳಕೂಡದು, ಎಡಗಡೆ ಮಗ್ಗುಲಾಗಿ ಮಲಗಬೇಕು, ಬಸ್ಸು ಜೀಪು ಹತ್ತುವ ಮಾತೇ ಇಲ್ಲ. ಬಾಣಂತನಕ್ಕೆ ಮಗಳು ತವರಿಗೆ ಬರುವುದು ಪದ್ಧತಿ. ಇಲ್ಲಿ ತವರೇ ಗಂಟುಮೂಟೆ ಕಟ್ಟಿಕೊಂಡು ಮಗಳ ಮನೆಗೆ ಬಂತು. ಹೆಣ್ಣು ಕೊಟ್ಟ ಮನೆಯಲ್ಲಿ ತಿಂಗಳುಗಟ್ಟಲೆ ಠಿಕಾಣಿ ಹೂಡುವುದೆಂದರೆ ಸಣ್ಣ ಸಂಕೋಚವೇನ್ರಿ? ಮೊದಲ ವಾರ ಬೀಗರ ಎದುರಿಗೆ ಒಂದೇ ರೊಟ್ಟಿ ತಿಂದೆ. ಎರಡನೇ ವಾರಕ್ಕೆ ಸಂಕೋಚ ಹಳಿಯಾಳಕ್ಕೆ ವಾಪಸ್ಸು ಹೋಯಿತು, ನಾನು ಉಳಿದೆ.

ಮಗಳು ಎಡಗಡೆ ಮಲಗಿದರೆ ಕಣ್ಣಿಗೆ ಬೀಳುವುದು ಒಂದು ಗೋಡೆ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಒಂದು ದಿನ ಬೀಗರು ಬಾಗಿಲಲ್ಲಿ ನಿಂತು ಗೋಡೆಯನ್ನೂ ಸೊಸೆಯನ್ನೂ ನೋಡಿ, "ನೋಡಾಕ ಏನರ ಬೇಕೇನವಾ?" ಎಂದು ಕೇಳಿದರು. ಅವಳು ಚೇಷ್ಟೆಗೆ, "ಸಮುದ್ರ ನೋಡಬೇಕ ಅನಸ್ತೈತ್ರಿ ಮಾವಾರ," ಅಂದಳು. ಹೆರಿಗೆ ಆಗಲಿ, ಕಾರವಾರಕ್ಕೆ ಹೋಗೂಣು ಎಂದು ಅಳಿಯ ಹೇಳಿದ. ಟೀವಿಯನ್ನು ಒಳಗೆ ತಂದಿಡೋಣ ಎಂದು ನಾನು ಹೇಳಿದೆ. ಬೀಗರು ಟೇಪು ತಂದು ಗೋಡೆ ಅಳೆದರು.

ಆ ವಾರವೇ ಹುಬ್ಬಳ್ಳಿಯಿಂದ ಒಂದು ಗಾಜಿನ ತೊಟ್ಟಿ ಬಂತು. ಸಮುದ್ರದ ಮೀನಿಗೆ ಸಮುದ್ರದ ನೀರೇ ಬೇಕು, ಆದರೆ ಉಪ್ಪಿನ ಪುಡಿ ಸಿಗುತ್ತದೆ, ಕಲಸಿಕೊಳ್ಳಿ ಎಂದು ಅಂಗಡಿಯವನು ಹೇಳಿದ್ದನಂತೆ. ಪುಡಿ ಕಲಸಿದ್ದು ಸಮುದ್ರ ಹೇಗಾದೀತು? ಬೀಗರು ಮಗನನ್ನೂ ಹತ್ತು ಕ್ಯಾನನ್ನೂ ಕರೆದುಕೊಂಡು ಕಾರವಾರದ ಬಸ್ಸು ಹತ್ತಿಯೇಬಿಟ್ಟರು!

ಬರುವಾಗ ಕಂಡಕ್ಟರು ಕ್ಯಾನುಗಳನ್ನು ನೋಡಿ ಒಳಗೆ ಏನಿದೆ ಎಂದು ಕೇಳಿದ.

"ಸಮುದ್ರ," ಎಂದರು ಬೀಗರು.

ಕಂಡಕ್ಟರು ಕ್ಯಾನುಗಳನ್ನು ಎಣಿಸಿದ. "ಹಂಗಾದ್ರ ಕಿಡಕಿ ಕಡೆ ಕುಂದ್ರಸ್ರಿ ಯಜಮಾನ್ರ. ಘಟ್ಟದಾಗ ವಾಂತಿ ಮಾಡ್ಕೊಂತೈತಿ."

ಮಾಡಿಯೇ ಮಾಡಿತು! ಜೋಯಿಡಾದ ತಿರುವಿನಲ್ಲಿ ಒಂದು ಕ್ಯಾನಿನ ಮುಚ್ಚಳ ಹಾರಿ, ಮುಂದಿನ ಸೀಟಿನ ಅಜ್ಜಿಯ ಚಪ್ಪಲಿ ಡ್ರೈವರ್ ತನಕ ತೇಲಿಕೊಂಡು ಹೋಯಿತಂತೆ. ಅಜ್ಜಿ ಕೊಂಕಣಿಯಲ್ಲಿ ಏನು ಬೈದರೋ ಅಳಿಯ ಇನ್ನೂ ನನಗೆ ಹೇಳಿಲ್ಲ. ಕಂಡಕ್ಟರು ಅಳಿಯನ ಕಡೆ ತಿರುಗಿ ತನ್ನ ತಲೆಯ ಪಕ್ಕ ಬೆರಳು ತಿರುಗಿಸಿ ಕೇಳಿದನಂತೆ. ಅಳಿಯ ಹೌದೆಂದು ತಲೆ ಆಡಿಸಿದನಂತೆ. ಎಂಥ ಮಗ!

ಅದೇ ಅಂಗಡಿಯಿಂದ ಮೀನು ಬಂದ ದಿನ ನಾನು ಮೂಗಿನ ಮೇಲೆ ಬೆರಳಿಟ್ಟೆ. ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟಿ, ನನ್ನ ಹೆಬ್ಬೆರಳಿನಷ್ಟು. ಇಷ್ಟಕ್ಕೆ ಅಷ್ಟು ದೊಡ್ಡ ಸಮುದ್ರ ಬೇಕಿತ್ತಾ? ಬೀಗರು ಅದಕ್ಕೆ "ಸಾಹೇಬ್ರು" ಎಂದು ಹೆಸರಿಟ್ಟರು. ಬಹುವಚನ ಬಿಟ್ಟು ಮಾತೇ ಇಲ್ಲ. ಸಾಹೇಬ್ರು ಎದ್ದರು, ಸಾಹೇಬ್ರು ತಿರುಗಾಡಿದರು. ತೊಟ್ಟಿಯ ಪಕ್ಕ ಒಂದು ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಬಾಗಿಲಿಗೆ "ಸದ್ದು ಮಾಡಬಾರದು" ಎಂಬ ಬೋರ್ಡು. ಅಳಿಯ ಅದನ್ನು ನೋಡಿ, ತನ್ನ ಹೆಂಡತಿ ನಿದ್ದೆ ಮಾಡಲಿ ಅಂತ ಅಪ್ಪ ಹಾಕಿದ್ದಾರೆ ಎಂದು ಖುಷಿಪಟ್ಟ. "ನಿನ್ನ ಹೆಂಡತಿಗೆ ಅಲ್ಲಪಾ, ಸಾಹೇಬ್ರಿಗೆ," ಎಂದರು ಬೀಗರು. ಅಳಿಯ ಅಡುಗೆಮನೆಗೆ ಬಂದು, "ಅತ್ತಿ, ಅಪ್ಪಗ ತಲಿ ಕೆಟ್ಟೈತಿ," ಎಂದ. ನಾನು ಏನೂ ಅನ್ನಲಿಲ್ಲ, ಹೇಳಿದೆನಲ್ಲ!

ಆದರೆ ಒಂದು ಮಾತು. ಮಗಳು ಗೋಡೆ ನೋಡುವುದು ಬಿಟ್ಟಳು. ಮೀನು ಈ ತುದಿಗೆ ಹೋದರೆ ಕಣ್ಣು ಈ ತುದಿಗೆ, ಆ ತುದಿಗೆ ಹೋದರೆ ಆ ತುದಿಗೆ. ಹಾಲು ಕುಡಿ ಎಂದು ನಾನು ಗೋಗರೆಯುವುದು ತಪ್ಪಿತು. ಸಾಹೇಬರ ನಾಷ್ಟಾ ಆದರೆ ಅವಳದೂ ಆಗುತ್ತಿತ್ತು.

ಬಿಸಿಲು ಏರಿದಂತೆ ತೊಟ್ಟಿಯ ನೀರು ದಿನಾ ಅರ್ಧ ಬೆರಳು ಇಳಿಯತೊಡಗಿತು. ಬೀಗರು ಅದಕ್ಕೂ ತಯಾರಿದ್ದರು. ಸರಿಯಾಗಿ ಸಂಜೆ ಆರಕ್ಕೆ ಉಳಿಸಿಟ್ಟ ಕಾರವಾರದ ಕ್ಯಾನು ತೆರೆದು, ಗಾಜಿನ ಮೇಲೆ ಹಾಕಿದ ಗೆರೆಯ ತನಕ ತುಂಬುತ್ತಿದ್ದರು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೀಗೆ ಐದಾರು ವಾರ ಕಳೆದಿರಬೇಕು, ಸಾಹೇಬ್ರು ನಾಷ್ಟಾ ಬಿಟ್ಟರು. ಕಲ್ಲಿನ ಹಿಂದೆ ಮೂಲೆ ಹಿಡಿದು, ರೆಕ್ಕೆ ಮುದುಡಿಕೊಂಡು, ಕಿವಿರು ಪಟಪಟ ಬಡಿದುಕೊಳ್ಳುತ್ತ ನಿಂತರು. ಓಡಿ ಬಂದವನು ಏದುಸಿರು ಬಿಡುತ್ತಾನಲ್ಲ, ಹಾಗೆ. ಬೀಗರು ಭೂತಗನ್ನಡಿ ಹಿಡಿದು ಮೈಮೇಲೆ ಚುಕ್ಕಿ ಹುಡುಕಿದರು, ಇಲ್ಲ. ಥರ್ಮಾಮೀಟರ್ ಇಳಿಬಿಟ್ಟರು, ಬಿಸಿ ಇಲ್ಲ. ಆದರೂ ಇರಲಿ ಎಂದು ಬಾಟಲಿಯಲ್ಲಿ ಐಸು ತುಂಬಿ ತೇಲಿಬಿಟ್ಟರು.

ಪಕ್ಕದ ಮನೆಯ ಎಮ್ಮೆ ನೋಡಲು ದನದ ಡಾಕ್ಟರು ಬಂದಿದ್ದರು. ಬೀಗರು ಅವರ ಕೈ ಹಿಡಿದು ಎಳೆದುಕೊಂಡೇ ಬಂದರು. ಪಾಪ, ಡಾಕ್ಟರು ರೂಢಿಯಂತೆ ಮೇವು ತಿನ್ನುತ್ತದೆಯಾ ಎಂದು ಕೇಳಿದರು. ಆಮೇಲೆ ಇನ್ನೂ ರೂಢಿಯಂತೆ, "ಸಗಣಿ ಹೆಂಗೈತ್ರಿ?" ಎಂದರು. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಬೀಗರು ರಿಜಿಸ್ಟರ್ ತೆರೆದು ಬೆರಳಿಟ್ಟು ಓದಿದರು: "ಮಂಗಳವಾರದಿಂದ ಕಡಿಮಿ ಐತ್ರಿ."

ಡಾಕ್ಟರು ಚೀಲ ಮುಚ್ಚಿದರು. "ಯಜಮಾನ್ರ, ನಾನು ಕಿವಿ ಹಿಡದು ಜ್ವರಾ ನೋಡಾಂವ. ಇದರ ಕಿವಿ ಎಲ್ಲೈತಿ ತೋರಸ್ರಿ, ಔಷಧ ಬರಕೊಡ್ತೇನಿ." ಹೊಸ್ತಿಲು ದಾಟುವಾಗ ನನ್ನ ಹತ್ತಿರ ಬಂದು, ಮೀನು ಹೆಂಗರ ಇರಲಿ, ಮೊದಲು ಆ ಯಜಮಾನರ ತಲೆ ಯಾರಿಗಾದರೂ ತೋರಿಸಿ ಎಂದು ಪಿಸುಗುಟ್ಟಿ ಹೋದರು.

ಇನ್ನು ನಾನು ಸುಮ್ಮನಿರುವುದುಂಟಾ? ಓಣಿಯವರೆಲ್ಲ ಬಂದು ಬಂದು ನೋಡಿದ್ದಾರೆ, ದೃಷ್ಟಿಯೇ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ತೊಟ್ಟಿಗೆ ಮೂರು ಸುತ್ತು ನಿವಾಳಿಸಿದೆ. ಆ ಮೀನಿನ ಸುತ್ತ ಉಪ್ಪು ತಿರುಗಿಸಿದ್ದು ನೆನೆಸಿಕೊಂಡರೆ ಈಗಲೂ ನನಗೆ ನಗು ಬರುತ್ತದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಅವತ್ತು ಮಾತ್ರ ನಗು ಬರಲಿಲ್ಲ. ಮೆಣಸಿನಕಾಯಿ ಒಲೆಗೆ ಹಾಕಿ ವಾಪಸ್ಸು ಬಂದರೆ ಮಗಳು ಹಾಲು ಮುಟ್ಟಿರಲಿಲ್ಲ. ಮೂಲೆಯ ಮೀನನ್ನೇ ನೋಡುತ್ತಾ, ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು.

"ಯವ್ವಾ, ಅದು ಉಳದ್ರ ನಂದೂ ಉಳೀತೈತಿ ಅನಸ್ತೈತಿ."

ಹುಚ್ಚಿ, ಮೀನಿಗೂ ನಿನ್ನ ಹೊಟ್ಟೆಗೂ ಏನು ಸಂಬಂಧ ಎಂದು ಗದರಿದೆ. ಹೊರಗೆ ಬಂದರೆ ಬಾಗಿಲಲ್ಲಿ ಬೀಗರು. ಅವರಿಗೂ ಕೇಳಿಸಿತ್ತು. ಅವರ ಮುಖ ನೋಡಲಾರದೆ ನಾನು ಒಂದು ಬಟ್ಟೆ ತೆಗೆದುಕೊಂಡು ತೊಟ್ಟಿ ಒರೆಸತೊಡಗಿದೆ. ಕೈಗೆ ಏನಾದರೂ ಕೆಲಸ ಬೇಕಲ್ಲ.

ಗಾಜಿನ ಅಂಚಿಗೆ ಬೆಳ್ಳಗೆ ಗಟ್ಟಿಯಾಗಿ ಏನೋ ಹತ್ತಿತ್ತು. ಸಾರು ಉಕ್ಕಿ ಪಾತ್ರೆಯ ಅಂಚಿಗೆ ಒಣಗಿ ಹತ್ತುತ್ತದಲ್ಲ, ಹಾಗೆ. ಕೆರೆದು ನಾಲಿಗೆಗೆ ಹಚ್ಚಿಕೊಂಡೆ. ಅಡುಗೆಯವರ ಕೈ ಸುಮ್ಮನಿರುವುದಿಲ್ಲ! ಉಪ್ಪು. ತೊಟ್ಟಿಯೊಳಗೆ ಬೆರಳು ಅದ್ದಿ ನೆಕ್ಕಿದೆ. ಥೂ! ಬಾಯಿ ಕಹಿಯಾಗುವಷ್ಟು ಉಪ್ಪು. ಓಡಿಹೋಗಿ ಕ್ಯಾನಿನ ನೀರು ನೆಕ್ಕಿದೆ. ಉಪ್ಪೇ, ಆದರೆ ಅಷ್ಟಿಲ್ಲ. ಒಂದೇ ಸಮುದ್ರ, ಎರಡು ರುಚಿ?

ಖಾನಾವಳಿ ನಡೆಸಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮಧ್ಯಾಹ್ನ ಒಂದಕ್ಕೆ ಹದವಾಗಿದ್ದ ಸಾರು ಮೂರಕ್ಕೆ ಬಂದ ಗಿರಾಕಿಗೆ ಉಪ್ಪಾಗಿರುತ್ತದೆ. ಉಪ್ಪು ಹಾಕಿದ್ದು ಯಾರು? ಯಾರೂ ಅಲ್ಲ. ಒಲೆಯ ಮೇಲಿದ್ದು ಬತ್ತಿತು, ಅಷ್ಟೇ. ಅದಕ್ಕೆ ಬಿಸಿನೀರು ಬೆರೆಸುತ್ತಾರೆಯೇ ಹೊರತು ಮತ್ತೊಂದು ಸೌಟು ಸಾರು ಹಾಕಿ ಯಾರಾದರೂ ಹದ ಮಾಡುತ್ತಾರಾ?

"ಬೀಗರ," ಎಂದೆ. "ದಿನಾ ಅರ್ಧ ಬೆರಳು ನೀರು ಇಳೀತೈತಲ್ರಿ, ಅದು ಎಲ್ಲಿಗೆ ಹೋಗತೈತಿ?"

"ಆವಿ ಆಗಿ ಹೋಗತೈತ್ರಿ ಅಕ್ಕಾರ."

"ಉಪ್ಪು?"

ಬೀಗರು ಮೆಲ್ಲಗೆ ಕುರ್ಚಿಯ ಮೇಲೆ ಕುಳಿತು, "ಬಾಯ್ಲರ್," ಎಂದರು.

ಮೂವತ್ತು ವರ್ಷ ಅವರು ಹೊಸ ಕೆಲಸಗಾರರಿಗೆ ಕಲಿಸಿದ ಮೊದಲ ಪಾಠವೇ ಅದಂತೆ. ಉಗಿ ಹೋಗುತ್ತದೆ, ನೀರಿನಲ್ಲಿದ್ದ ಉಪ್ಪು ಒಳಗೇ ಉಳಿಯುತ್ತದೆ, ಅದಕ್ಕೆ ಆಗಾಗ ಬಾಯ್ಲರಿನ ನೀರು ಸ್ವಲ್ಪ ಹೊರಗೆ ಬಿಟ್ಟು ಒಳ್ಳೆಯ ನೀರು ತುಂಬಬೇಕು. ಬಿಡದಿದ್ದರೆ ಬಾಯ್ಲರ್ ಹಾಳು. ಇಷ್ಟೆಲ್ಲ ಗೊತ್ತಿದ್ದವರು, ಹೋದ ನೀರಿನ ಜಾಗಕ್ಕೆ ದಿನಾ ಉಪ್ಪುನೀರನ್ನೇ ತುಂಬುತ್ತಿದ್ದರು! ಅದೂ ಟೈಮಿಗೆ ಸರಿಯಾಗಿ!

"ಸಾಹೇಬ್ರನ್ನ ಬಾಯ್ಲರಿನ್ಯಾಗ ಕುಂದ್ರಿಸಿದ್ನೆಲ್ರಿ ಅಕ್ಕಾರ," ಎಂದರು. ಎದ್ದು ನೇರ ಬಚ್ಚಲಿಗೆ ಹೋಗಿ ತುಂಬಿದ ಬಕೆಟ್ ಎತ್ತಿಕೊಂಡು ಬಂದರು. ನಾನು ಅಡ್ಡ ನಿಂತೆ. ಅಂಗಡಿಯವನಿಗೆ ಫೋನು ಹಚ್ಚಿಸಿದೆ. ಒಮ್ಮೆಲೇ ಸುರಿದರೆ ಆ ಬದಲಾವಣೆಗೇ ಸಾಯುತ್ತದೆ, ನಿಧಾನವಾಗಿ ದಿನಕ್ಕೆ ನಾಲ್ಕಾರು ತಂಬಿಗೆ, ನಳದ ನೀರಾದರೆ ಔಷಧದ ವಾಸನೆ ಹೋಗಲು ಒಂದು ದಿನ ತೆರೆದಿಟ್ಟು ಹಾಕಿ ಎಂದ. ಉಪ್ಪು ಅಳೆಯುವ ಮೀಟರನ್ನು ಬಸ್ಸಿನಲ್ಲಿ ಕಳಿಸಿದ. ಅಳೆದರೆ ಮುಳ್ಳು ಹಸಿರು ಗೆರೆ ದಾಟಿ ಎಲ್ಲೋ ಮೇಲೆ ಹೋಗಿ ಕುಳಿತಿತ್ತು. ಬೀಗರು ಮೀಟರ್ ನೋಡಿದರು, ಆಮೇಲೆ ನನ್ನ ಬಾಯಿ ನೋಡಿದರು. ಅವತ್ತಿನಿಂದ ಮನೆಯಲ್ಲಿ ಕುಕ್ಕರಿನ ಗ್ಯಾಸು ಆರಿಸುವ ಅಧಿಕಾರ ನನಗೇ ಬಂತು!

ಒಂದು ತಂಬಿಗೆ ತೆಗೆಯುವುದು, ಒಂದು ತಂಬಿಗೆ ಸಪ್ಪೆನೀರು ಹಾಕುವುದು. ಬೀಗರದು ಬೆಳಗಿನ ಶಿಫ್ಟು, ನನ್ನದು ಮಧ್ಯಾಹ್ನದ ಶಿಫ್ಟು, ಅಳಿಯನದು ರಜೆ ಇದ್ದಾಗ ಓವರ್‌ಟೈಮು. ದಿನಾ ಒಂದು ಬೆರಳು ಅದ್ದಿ ನಾನು ರುಚಿ ನೋಡುತ್ತಿದ್ದೆ, ಮೀಟರು ಆಮೇಲೆ. ಒಂದು ದಿನ, ಎರಡು ದಿನ, ಮೀನು ಅಲ್ಲಾಡಲಿಲ್ಲ. ಮಗಳು ನೋಡುವುದನ್ನೂ ಬಿಡಲಿಲ್ಲ. ನಾಲ್ಕನೇ ದಿನ ಕಿವಿರಿನ ಬಡಿತ ನಿಧಾನವಾಯಿತು. ಆರನೇ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ, ಮಗಳು ಕರೆದಳು. ಹಿಟ್ಟಿನ ಕೈಯಲ್ಲೇ ಓಡಿದೆ. ಗಲ್ಲಕ್ಕೆ ಸಾಬೂನು ಹಚ್ಚಿಕೊಂಡ ಬೀಗರೂ ಓಡಿ ಬಂದರು. ಸಾಹೇಬ್ರು ಕಲ್ಲಿನ ಹಿಂದಿನಿಂದ ಹೊರಬಂದು, ಸೀಗಡಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಉಗುಳಿ, ಮತ್ತೆ ಹಾಕಿಕೊಂಡು ನುಂಗಿಬಿಟ್ಟರು! ನಾನು ಬೀಗರ ಎದುರಿಗೆ ಕುಣಿಯುವುದೊಂದು ಬಾಕಿ. ಬೀಗರು ರಿಜಿಸ್ಟರಿನಲ್ಲಿ "ಸಾಹೇಬರು ನಾಷ್ಟಾ ಮಾಡಿದರು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಸಾಬೂನಿನ ಹನಿ ಅದರ ಮೇಲೆ ಬಿದ್ದು ಇವತ್ತಿಗೂ ಆ ಪುಟ ಉಬ್ಬಿಕೊಂಡಿದೆ. ಮಗಳು ಹಾಲು ಕೇಳಿ ಕುಡಿದಳು.

ಆಮೇಲೆ ದಿನಗಳು ಓಡಿದವು. ಒಂಬತ್ತು ತುಂಬಿ ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೊರಟೆವು. ಬೀಗರು ಮಾತ್ರ ಬರಲಿಲ್ಲ. ಯಾರಾದರೂ ಡ್ಯೂಟಿ ಮೇಲೆ ಇರಬೇಕಲ್ರಿ ಎಂದು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟರು. ಮನೆಗೆ ಕೂಸು ಬರುವ ಹೊತ್ತಿನಲ್ಲಿ ಮೀನು ಕಾಯುವವರೂ ಇರುತ್ತಾರಾ! ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡೆ.

ಹನ್ನೊಂದರ ಹೊತ್ತಿಗೆ ಮೊಮ್ಮಗಳು ಹುಟ್ಟಿದಳು. ಕೆಂಪಗೆ, ಮುಷ್ಟಿ ಬಿಗಿಹಿಡಿದು, ಆಸ್ಪತ್ರೆಗೆಲ್ಲ ಕೇಳುವಂತೆ ಅತ್ತಳು! ತಾಯಿ ಮಗು ಇಬ್ಬರೂ ಗಟ್ಟಿ. ಫೋನಿನಲ್ಲಿ ಹೇಳಬೇಡ, ನಾನೇ ಹೇಳುತ್ತೇನೆ ಎಂದು ಅಳಿಯನಿಗೆ ತಾಕೀತು ಮಾಡಿ, ಗಂಜಿ ತರುವ ನೆಪದಲ್ಲಿ ಆಟೋ ಹತ್ತಿದೆ.

ಬೀಗರು ಅದೇ ಕುರ್ಚಿಯಲ್ಲಿದ್ದರು. ರಿಜಿಸ್ಟರ್ ತೊಡೆಯ ಮೇಲೆ ತೆರೆದಿತ್ತು, ಅವತ್ತಿನ ಪುಟದಲ್ಲಿ ಒಂದಕ್ಷರ ಬರೆದಿರಲಿಲ್ಲ. ಮೊಮ್ಮಗಳು ಹುಟ್ಟಿದ ಸುದ್ದಿ ಹೇಳಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಎದ್ದು ತೊಟ್ಟಿಯ ಮೇಲೆ ಬಗ್ಗಿ, ಎರಡೂ ಕೈ ಅಂಚಿಗೆ ಊರಿ, "ಸಾಹೇಬ್ರ, ನಮ್ಮವ್ವ ಬಂದಾಳ್ರಿ," ಎಂದರು. ನೀರಿನ ಮೇಲೆ ಟಪ್ಪಂತ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು.

ಬೀಗಿತ್ತಿಯಾದವಳು ಇಂಥ ಹೊತ್ತಿನಲ್ಲಿ ಏನು ಹೇಳಬೇಕು?

"ಬೀಗರ, ಹಿಂದ ಸರೀರಿ," ಎಂದೆ. "ಉಪ್ಪು ಹೆಚ್ಚಾಗತೈತಿ."

ಅವರು ಪಕ್ಕದ ತಂಬಿಗೆಯಿಂದ ಒಂದು ಚಮಚ ಸಪ್ಪೆನೀರು ತೆಗೆದು, ಒಂದು ಹನಿ ಹೊರಗೆ ಚೆಲ್ಲದಂತೆ, ತೊಟ್ಟಿಗೆ ಹಾಕಿದರು.